ಮೂಲ ಸಿಗದ ಬೇಡಿಕೆ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ನಿನ್ನ ಕಾಗದ ಬಂದು ತಿಂಗಳುಗಳೇ ಆದವು. ಉತ್ತರ ಬರೆಯದ್ದಕ್ಕೆ ಬೈದುಕೋ, ಆದರೆ ಓದುವುದನ್ನು ಮಾತ್ರ ನಿಲ್ಲಿಸಬೇಡ. ಆಫೀಸಿನಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ.

ನಮ್ಮ ದಾರದ ಗೋಡೆ ಹೋಯಿತು. ಹನಿಹನಿಯಾಗಿ ಔಷಧ ಬಿಡುವ ಯಂತ್ರದ ತಂತ್ರಾಂಶವನ್ನು ನಾವಿಬ್ಬರೂ ಪರೀಕ್ಷಿಸುತ್ತಿದ್ದ ಕಾಲ ನೆನಪಿದೆಯಾ? ಆಸ್ಪತ್ರೆಯವರ ಒಂದೊಂದು ಬೇಡಿಕೆಗೂ ಗೋಡೆಯ ಮೇಲೊಂದು ಚೀಟಿ, ಅಲ್ಲಿಂದ ಅದರ ಪ್ರೋಗ್ರಾಂ ಕೋಡಿಗೊಂದು, ಪರೀಕ್ಷೆಗೊಂದು ಉಣ್ಣೆಯ ದಾರ. ಬೇಡಿಕೆ ಬದಲಾದರೆ ನೀನು ದಾರ ಹಿಡಿದು ಜಗ್ಗುತ್ತಿದ್ದೆ. ಅಲುಗಿದ ಚೀಟಿಗಳನ್ನೆಲ್ಲ ನಾನು ಮತ್ತೆ ಪರೀಕ್ಷಿಸಬೇಕಿತ್ತು. ನನಗೆ ದಾರದುಂಡೆ ಎಂದು ಹೆಸರಿಟ್ಟವಳೂ ನೀನೇ. ದೊಡ್ಡ ಸಾಹೇಬರ ಕೋಟಿನ ಗುಂಡಿ ಸಿಕ್ಕಿಕೊಂಡು ಅರ್ಧ ಗೋಡೆಯೇ ಅವರ ಹಿಂದೆ ಹೊರಟಾಗ, "ಸಾರ್, ಅಲ್ಲೇ ನಿಂತ್ಕೊಳ್ಳಿ, ಈಗ ನೀವೂ ಡಿಸೈನಿಗೆ ಸೇರಿದೀರಿ" ಅಂದಿದ್ದೆಯಲ್ಲ! ನಗು ತಡೆದು ತಡೆದು ನನಗೆ ಹೊಟ್ಟೆನೋವು ಬಂದಿತ್ತು. ಆ ದಿನಗಳು ಮತ್ತೆ ಬೇಕು ಅನ್ನಿಸುತ್ತದೆ ಅಕ್ಕಾ.

ಈಗ ಆ ಕೆಲಸವನ್ನೆಲ್ಲ ಹೊಸ ತಂತ್ರಾಂಶವೊಂದು ತಾನೇ ಮಾಡುತ್ತದೆ. ಹಳೆಯ ಪತ್ರ, ಕೋಡು, ಪರೀಕ್ಷೆ ಎಲ್ಲ ಓದಿ, ಯಾವುದು ಯಾವುದಕ್ಕೆ ಸೇರಿದ್ದೆಂದು ಹೊಂದಿಸುತ್ತದೆ. ನಾವು ತಿಂಗಳುಗಟ್ಟಲೆ ಒದ್ದಾಡಿದ್ದನ್ನು ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಸಿಬಿಟ್ಟಿತು. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ, ಚೆನ್ನಾಗಿದೆ. ನಮ್ಮ ಕಣ್ತಪ್ಪಿದ್ದನ್ನೂ ಹಿಡಿಯಿತು.

ಒಂದೇ ಒಂದು ಬೇಡಿಕೆ ಯಾರಿಂದ ಬಂದದ್ದೆಂಬುದು ಮಾತ್ರ ಅದಕ್ಕೂ ಸಿಗಲಿಲ್ಲ. ಔಷಧ ನಿಂತಾಗ ಹೊಡೆದುಕೊಳ್ಳುವ ಎಚ್ಚರಿಕೆ ಗಂಟೆ ತಾನಾಗಿ ನಿಲ್ಲಕೂಡದು, ಯಾರಾದರೂ ಬಂದು ಕೈಯಾರೆ ನಿಲ್ಲಿಸುವವರೆಗೂ ಹೊಡೆದುಕೊಳ್ಳುತ್ತಲೇ ಇರಬೇಕು ಎಂದು ನೀನು ಸೇರಿಸಿದ್ದೆಯಲ್ಲ, ಅದು.

"ಇದನ್ನ ಯಾವ ಆಸ್ಪತ್ರೆಯವ್ರೂ ಕೇಳೇ ಇಲ್ವಲ್ಲ ಮೇಡಂ," ಅಂದಳು ನಮ್ಮ ಹೊಸ ಮ್ಯಾನೇಜರಮ್ಮ. "ಗಲಾಟೆ ಜಾಸ್ತಿ ಅಂತ ನರ್ಸ್‌ಗಳೂ ದೂರ್ತಾರೆ. ಯಾರು ಕೇಳಿದ್ದು ಅಂತ ಗೊತ್ತಾಗದೇ ಇದ್ರೆ ತಿಂಗಳ ಕೊನೆಗೆ ತೆಗೆದುಬಿಡೋಣ."

"ಕೇಳಿದವ್ರು ಇದ್ದಾರೆ, ಸ್ವಲ್ಪ ತಾಳಮ್ಮ," ಅಂದೆ. ಕೆಟ್ಟವಳಲ್ಲ, ತಾಳಿದ್ದಾಳೆ.

ಆರೋಗ್ಯ ನೋಡಿಕೋ. ಭಾವನಿಗೆ ನನ್ನ ನಮಸ್ಕಾರ ಹೇಳು. ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ
ದಾರದುಂಡೆ

ತಾ.ಕ.: ಮ್ಯಾನೇಜರಮ್ಮನಿಗೆ ನಾನು ಬೇರೇನೂ ಹೇಳಿಲ್ಲ. ನಿನ್ನ ಮಗ ಕೊನೆಯ ರಾತ್ರಿ ಮಲಗಿದ್ದ ವಾರ್ಡಿನಲ್ಲಿ ಅವನ ಯಂತ್ರ ಸ್ವಲ್ಪ ಹೊತ್ತು ಕೂಗಿ, ಯಾರೂ ಬಾರದೆ ತಾನೇ ಸುಮ್ಮನಾಗಿತ್ತೆಂದು ನೀನು ಒಂದೇ ಸಲ ಹೇಳಿದ್ದೆ. ಆಮೇಲೆ ನಾವಿಬ್ಬರೂ ಆ ಮಾತೆತ್ತಲಿಲ್ಲ. ಆ ಬೇಡಿಕೆಯ ಎದುರು ಮೂಲ ಎಂದಿರುವ ಖಾಲಿ ಜಾಗದಲ್ಲಿ ಅವನ ಹೆಸರು ಬರೆಯಲೇ? ನೀನು ಹೂಂ ಅಂದರೆ ಮಾತ್ರ. ಬರೆದರೆ, ಮುಂದೆ ಆ ಬೇಡಿಕೆಯನ್ನು ತೆಗೆಯಬೇಕೆನ್ನುವವರು ಮೊದಲು ಅವನು ಯಾರೆಂದು ಕೇಳಲೇಬೇಕಾಗುತ್ತದೆ.