ಬೆರಳೆತ್ತದೆ ಬರೆದ ಸಾಲು

ತಮ್ಮಾ,

ನೀನು ತೀರಿಕೊಂಡು ವರ್ಷವಾದರೂ ನಿನಗೆ ಕಾಗದ ಬರೆಯುವ ಚಾಳಿ ನನ್ನನ್ನು ಬಿಟ್ಟಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಹೆಂಡತಿ ಕ್ಷೇಮವಾಗಿದ್ದಾಳೆ.

ಮಧ್ಯಾಹ್ನ ನಾವಿಬ್ಬರೂ ಹತ್ತಿದ್ದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಅವಳಿಗೆ ದಮ್ಮು ಕೆರಳಿತು. ಅವಳ ಔಷಧಿಯೂ ಕನ್ನಡಕವೂ ಮನೆಯಲ್ಲೇ ಉಳಿದಿದ್ದವು. ಗಂಟೆ ಒತ್ತಿದರೆ ಸದ್ದಿಲ್ಲ, ಫೋನ್ ಮಾಡಿದರೆ ಕರೆ ಹೋಗುತ್ತಿಲ್ಲ. ಮೆಸೇಜಾದರೂ ಹೋದೀತೆಂದು ಕಾವಲುಗಾರನಿಗೆ ಬರೆಯತೊಡಗಿದೆ. ಈಚೆಗೆ ನನ್ನ ಕೈ ನಡುಗುತ್ತದೆ. ಒಂದಕ್ಷರ ಒತ್ತಿದರೆ ಪಕ್ಕದ್ದು ಬೀಳುತ್ತದೆ. ಮೂರು ಸಲ ಅಳಿಸಿದೆ. ಅವಳ ತುಟಿ ನೀಲಿಗಟ್ಟುತ್ತಿತ್ತು.

"ಊರಿಗೆಲ್ಲ ಕಾಗದ ಬರೀತೀರಿ, ಒಂದ್ ಸಾಲು ಬರಿಯಕ್ಕಾಗಲ್ವಾ ಅತ್ತಿಗೆ?" ಎಂದು ಏದುಸಿರಲ್ಲೇ ಗದರಿದಳು. "ಒತ್ತಬೇಡಿ. ಬೆರಳು ಎತ್ತದೆ ಅಕ್ಷರದಿಂದ ಅಕ್ಷರಕ್ಕೆ ಎಳೀರಿ. ಕೈ ನಡುಗಕ್ಕೆ ಶುರುವಾದಾಗ ಅವರಿಗೂ ಹೀಗೇ ಕಲಿಸಿದ್ದು."

ಎಳೆದೆ. ಪದ ತಾನಾಗಿ ಮೂಡಿತು, ಮೆಸೇಜು ಹೋಯಿತು. ಕಾವಲುಗಾರ ಬಾಗಿಲು ಮೀಟಿ ತೆಗೆದು, ಔಷಧಿ ತಂದುಕೊಟ್ಟ.

ನೀನು ಕಾಗದ ಬಿಟ್ಟು ಫೋನಿನಲ್ಲಿ ಬರೆಯತೊಡಗಿದಾಗ, ಅಕ್ಕನಿಗಾಗಿ ಪೆನ್ನು ಹಿಡಿಯಲೂ ಸೋಮಾರಿತನವೇ ಎಂದು ಮುನಿಸಿಕೊಂಡಿದ್ದೆ. ಕೈ ನಡುಗುತ್ತದೆಂದು ಒಂದು ಮಾತು ಹೇಳಬಾರದಿತ್ತೇನೋ?

ಹೇಳಿದ್ದೆಯೋ ಏನೋ. ನಿನ್ನ ಮೆಸೇಜುಗಳಲ್ಲಿ ಒಂದನ್ನೂ ನಾನು ಇವತ್ತಿಗೂ ತೆರೆದಿಲ್ಲ.