ಇಲ್ಲದ ರೇಡಿಯೇಟರ್

ಶಶಿಧರ,

ಪ್ರತಿಭಟನಾ ಮೆರವಣಿಗಿಗೆ ಹೊಂಟೀನಿ. ಸಾರು ಬಿಸಿ ಮಾಡ್ಕೊಂಡು ಉಣ್ಣು.

ಉಸುಕಿನ್ಯಾಗ ಓಡಸೂ ನಮ್ಮ ‘ಬೀಚ್ ಬಗ್ಗಿ’ ಗಾಡಿಯ ರೇಡಿಯೇಟರ್ ಸೋರತೈತಿ ಅಂತ ಹೇಳಿ ಮೂರು ಸಲ ಖಾನಾಪುರಕ್ಕ ಹೋಗಿ ಬಂದಿ. ಅಕ್ಕಗ ತುಕ್ಕು ಉಜ್ಜೂದಷ್ಟ ಗೊತ್ತು, ಎಂಜಿನ್ ತಿಳಿಯಂಗಿಲ್ಲ ಅಂದ್ಕೊಂಡಿ. ನಿನ್ನೆ ಅದರ ಪುಸ್ತಕ ಪೂರ್ತಿ ಓದಿದೆ. ಅದು ಗಾಳಿಯಿಂದ ತಣ್ಣಗಾಗೂ ಎಂಜಿನ್ನು, ಅದಕ್ಕ ನೀರೂ ಇಲ್ಲ, ರೇಡಿಯೇಟರೂ ಇಲ್ಲ.

ಖರೇ ಹೇಳು, ಖಾನಾಪುರದಾಗ ಗಾಡಿಗೆ ಗಿರಾಕಿ ಹುಡುಕಾಕತ್ತೀಯಲ್ಲ? ಎರಡು ವರ್ಷ ಇಬ್ಬರೂ ದುಡಿದು ಕಟ್ಟಿದ್ದನ್ನ ನೀನೊಬ್ಬನ ಮಾರೂದು ಅನ್ಯಾಯ. ಮನಿಯೊಳಗ ಮಾಡಿದರೂ ಅನ್ಯಾಯನ.

ಕಾರ್ಬುರೇಟರ್ ಬಿಚ್ಚಿ ನನ್ನ ಚೀಲದಾಗ ಇಟ್ಕೊಂಡೀನಿ, ಅದಿಲ್ಲದ ಎಂಜಿನ್ ಚಾಲೂ ಆಗಂಗಿಲ್ಲ. ಯಾರರ ಗಾಡಿ ಚಾಲೂ ಮಾಡಿ ನೋಡಾಕ ಬಂದರ, ಅಕ್ಕನ್ನ ಕೇಳ್ರಿ ಅಂತ ಹೇಳು. ಪೊಲೀಸರು ಇವತ್ತು ನನ್ನನ್ನ ಹಿಂಡಲಗಾ ಜೈಲಿಗೆ ಒಯ್ದರ, ಆ ಕಾರ್ಬುರೇಟರೂ ನನ್ನ ಕೂಡ ಒಳಗ ಬರತೈತಿ.

ಅಕ್ಕ