ರಾಜಬಿಯವರ ಎರಡು ಕಾಲು

ವಿಜಾಪುರ
೧೦ ಜನವರಿ ೧೯೭೮

ಬಬಲೇಶ್ವರದ ಹಸನಸಾಬರಿಗೆ ನಮಸ್ಕಾರ.

ನಿಮ್ಮ ಹೆಂಡತಿ ರಾಜಬಿಯವರ ಮೊಣಕಾಲುಗಳಲ್ಲಿ ಈಗ ನೋವಿಲ್ಲವೆಂದು ಓದಿ ಸಂತೋಷವಾಯಿತು. ಆದರೆ ಒಂದು ಕಾಲು ಗಿಡ್ಡವಾಗಿದೆ ಎಂದು ಬರೆದಿದ್ದೀರಿ. ಅದು ತಪ್ಪಿನಿಂದ ಆದದ್ದಲ್ಲ. ಆಪರೇಶನ್ನಿನಲ್ಲಿ ಎರಡೂ ಮೊಣಕಾಲಿಗೆ ಲೋಹದ ಕೀಲು ಕೂಡಿಸುವಾಗ ಬಲಗಾಲನ್ನು ನೆಟ್ಟಗೆ ಮಾಡಿದೆ, ನೀವು ಗೌಂಡಿಗಳು ಗೋಡೆಗೆ ಇಳಿಬಿಡುವ ಗುಂಡಿನ ದಾರದಂತೆ. ಎಡಗಾಲಿನಲ್ಲಿ ಹುಟ್ಟಿನಿಂದ ಬಂದ ಬಾಗನ್ನು ಹಾಗೆಯೇ ಉಳಿಸಿದೆ. ಯಾವ ರೀತಿ ಮೇಲು ಎಂಬುದು ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಎರಡನ್ನೂ ಒಂದೇ ಮೈಯಲ್ಲಿ ಹೋಲಿಸುವ ಅವಕಾಶ ಅಪರೂಪ. ಆಪರೇಶನ್ನಿಗೆ ಮೊದಲು, ಹೀಗೆ ಮಾಡಲೇ ಎಂದು ನಿಮ್ಮನ್ನು ಕೇಳಿಯೂ ಇದ್ದೆ. "ನೀವು ಶಾಣ್ಯಾರದೀರಿ, ನಿಮಗ ತಿಳದಂಗ ಮಾಡ್ರಿ ಸಾಹೇಬ್ರ" ಅಂದಿರಿ.

ಓಣಿಯ ಹೆಂಗಸರು, "ಒಂದ ಕಾಲು ಅವ್ವ ಕೊಟ್ಟಾಳ, ಇನ್ನೊಂದು ಡಾಕ್ಟರ ಕೊಟ್ಟಾನೇನ ಬೇ?" ಎಂದು ನಗುತ್ತಾರಂತೆ. ಅವರು ಹೇಳುವುದು ಸರಿಯಾಗಿಯೇ ಇದೆ.

ಒಂದು ವಿನಂತಿ. ರಾಜಬಿಯವರ ಎಡ ಚಪ್ಪಲಿಯ ಕೆಳಗೆ ನೀವು ಹೊಡೆದಿರುವ ಟೈರಿನ ತುಂಡನ್ನು ಕಿತ್ತುಹಾಕಿ. ಅದರಿಂದ ಎರಡೂ ಕಾಲು ಸಮವಾಗಿ ಹೋಲಿಕೆ ಕೆಡುತ್ತದೆ. ಅದಿಲ್ಲದಿದ್ದರೆ ಅವರು ಬೀಳುತ್ತಾರೆ ಎಂದಿದ್ದೀರಿ. ಬಿದ್ದರೆ, ಯಾವ ಬದಿಗೆ ಬಿದ್ದರು ಎಂಬುದನ್ನು ಮರೆಯದೆ ಬರೆಯಿರಿ.

ನಿಮ್ಮ ಹಿತೈಷಿ,
ಡಾ. ಗುರುಪಾದ ಹಂಚಿನಾಳ